ಗುಂಪು ತೀರ್ಮಾನದ ಮೂರು ದಿನದ ಕೋರ್ಸ್: ಎರಡನೇ ದಿನಕ್ಕೆ ಪೂರ್ತಿ ಅಂಕ, ಉಳಿದಿದ್ದಕ್ಕೆ ಪಾಸ್ ಮಾರ್ಕ್ಸ್

ಕಂಪನಿ ಕಳಿಸಿತು, ಹೋದೆ. ನಾನಾಗಿಯೇ ಆಗಿದ್ದರೆ ಹೋಗುತ್ತಿರಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಅಂತಲೇ ಮಾಡಿದ ಮೂರು ದಿನದ ತರಬೇತಿ ಇದು. ಗುಂಪಾಗಿ ಕೂತು ಸಮಸ್ಯೆ ಬಿಡಿಸುವುದು ಹೇಗೆ, ಒಂದು ತೀರ್ಮಾನಕ್ಕೆ ಬರುವುದು ಹೇಗೆ ಅನ್ನೋದೇ ವಿಷಯ. ಕ್ಲಾಸಿನಲ್ಲಿ 15 ಜನ, ಒಂದು ದಪ್ಪ ವರ್ಕ್‌ಬುಕ್, ಆಮೇಲೆ ಆರು ವಾರ ನೋಡಿಕೊಳ್ಳಲು ರೆಕಾರ್ಡ್ ಮಾಡಿದ ಪಾಠಗಳು. ನಡೆಸುವ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಇಂಥ ಕೋರ್ಸ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ಹಾಗಾಗಿ ನೀವು ಬೇರೆ ಕಡೆ ಸೇರುವವರಾಗಿದ್ದರೂ ಇದು ಉಪಯೋಗಕ್ಕೆ ಬರುತ್ತೆ.

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಎರಡನೇ ದಿನ ಒಂದನ್ನೇ ತೆಗೆದುಕೊಂಡರೆ ಐದಕ್ಕೆ ಐದು.

ನಾನು ಯಾವ ತಲೆನೋವು ಹೊತ್ತುಕೊಂಡು ಹೋಗಿದ್ದೆ ಅಂತ ಸ್ವಲ್ಪ ಹೇಳಬೇಕು. ಹೋದ ವರ್ಷ ನಮ್ಮ ಟೀಮಿಗೆ ಹಳೇ ಡೇಟಾಬೇಸನ್ನು ಹೊಸದಕ್ಕೆ ಸಾಗಿಸುವ ಕೆಲಸ ಬಂತು. ಎರಡು ಗಂಟೆ ಮೀಟಿಂಗ್ ಮಾಡಿದೆವು. ನಾನೇ ಮೊದಲು ನನ್ನ ಪ್ಲಾನ್ ಹೇಳಿದೆ, "ಏನಂತೀರಾ?" ಅಂದೆ. ಎಲ್ಲರೂ ಕೋಲೆಬಸವನ ಹಾಗೆ ತಲೆ ಆಡಿಸಿದರು. ಮೀಟಿಂಗ್ ಮುಗಿದು ಅರ್ಧ ಗಂಟೆ ಆಗಿಲ್ಲ, ಮೂರು ಜನ ಒಬ್ಬೊಬ್ಬರಾಗಿ ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, "ಸರ್, ಅದು ಆಗೋ ಮಾತಲ್ಲ ಅನ್ಸುತ್ತೆ" ಅಂದರು. ಮೂವರೂ ಹೇಳಿದ್ದು ಬೇರೆ ಬೇರೆ ಕಾರಣ. ಮೂರೂ ಸರಿಯಾದ ಕಾರಣವೇ. ಅದನ್ನ ಒಳಗೇ ಹೇಳೋಕೆ ಏನಾಗಿತ್ತು ಅಂತ ಆಗ ಸಿಟ್ಟು ಬಂದಿತ್ತು.

ಈಗ ಕೋರ್ಸಿಗೆ ಬರೋಣ.

ಮೊದಲ ದಿನ ಬರೀ ಟೂಲ್‌ಗಳ ಮೆರವಣಿಗೆ. ಬ್ರೇನ್‌ಸ್ಟಾರ್ಮಿಂಗ್, ಮೀನಿನ ಮುಳ್ಳಿನ ಚಿತ್ರ, ಐದು ಸಲ 'ಯಾಕೆ' ಕೇಳುವುದು, ಕಾರಣಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುವ ಪರೇಟೊ ಚಾರ್ಟ್, ಚೀಟಿ ಅಂಟಿಸಿ ಗುಂಪು ಮಾಡುವ ಅಫಿನಿಟಿ ಡಯಾಗ್ರಾಂ, ಒಂದೊಂದು ಬಣ್ಣಕ್ಕೆ ಒಂದೊಂದು ಥರ ಯೋಚಿಸುವ ಆರು ಬಣ್ಣದ ಟೋಪಿ, ಇನ್ನೂ ಏನೇನೋ. ಸಂಜೆ ಎಣಿಸಿದರೆ 14 ಆಗಿತ್ತು. ಒಂದೊಂದಕ್ಕೆ ಅರ್ಧ ಗಂಟೆ. ಹತ್ತು ನಿಮಿಷ ಸ್ಲೈಡ್, ಹದಿನೈದು ನಿಮಿಷ ಅಭ್ಯಾಸ, ಐದು ನಿಮಿಷ ಚಪ್ಪಾಳೆ. ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ.

ಬ್ರೇನ್‌ಸ್ಟಾರ್ಮಿಂಗ್ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಜಾರಾಯಿತು. ಜಾಹೀರಾತು ರಂಗದ ಅಲೆಕ್ಸ್ ಆಸ್‌ಬಾರ್ನ್ 1953ರಲ್ಲಿ ಬರೆದಿಟ್ಟ ನಾಲ್ಕು ನಿಯಮಗಳನ್ನು ಗೋಡೆಗೆ ಅಂಟಿಸಿದ್ದರು: ಟೀಕೆ ಬೇಡ, ಹುಚ್ಚು ಐಡಿಯಾ ಬಂದರೂ ಸರಿ, ಎಷ್ಟು ಜಾಸ್ತಿ ಆದರೆ ಅಷ್ಟು ಒಳ್ಳೆಯದು, ಇನ್ನೊಬ್ಬರ ಐಡಿಯಾಕ್ಕೆ ನಿಮ್ಮದನ್ನು ಸೇರಿಸಿ. ಸರಿ. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ ಐಡಿಯಾಗಳನ್ನೂ, ನಾಲ್ಕು ಜನ ಬೇರೆ ಬೇರೆ ಕೂತು ಬರೆದು ಆಮೇಲೆ ಒಟ್ಟುಗೂಡಿಸಿದ ಐಡಿಯಾಗಳನ್ನೂ ಹೋಲಿಸಿದರೆ, ಬೇರೆ ಬೇರೆ ಕೂತವರೇ ಮುಂದೆ. ಯಾಕೆ ಹೀಗೆ ಅಂತ 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎನ್ನುವ ಇಬ್ಬರು ಸಂಶೋಧಕರು ಹುಡುಕಿದರು. ದೊಡ್ಡ ಕಾರಣ ನಾಚಿಕೆಯೂ ಅಲ್ಲ, ಸೋಮಾರಿತನವೂ ಅಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತೆ, ಅಷ್ಟೇ. ಇದನ್ನು ಹೇಳದೆ ಬ್ರೇನ್‌ಸ್ಟಾರ್ಮಿಂಗ್ ಕಲಿಸುವುದು ಅರ್ಧ ಪಾಠ. ನಾನು ಕೈ ಎತ್ತಿ ಕೇಳಿದೆ. ತರಬೇತುದಾರರು "ಅದು ನಾಳೆ ಬರುತ್ತೆ" ಅಂದರು. ಬಂತು ಅನ್ನಿ, ಆದರೆ ಸುತ್ತು ಬಳಸಿ.

ಮೀನಿನ ಮುಳ್ಳು, ಅಂದರೆ ಜಪಾನಿನ ಕಾವೊರು ಇಶಿಕಾವಾ ಅವರ ಚಿತ್ರ, ಬಹಳ ಜನಕ್ಕೆ ಗೊತ್ತಿರುತ್ತೆ. ಮೀನಿನ ತಲೆಯಲ್ಲಿ ಸಮಸ್ಯೆ, ಮುಳ್ಳುಗಳಲ್ಲಿ ಕಾರಣ. ವರ್ಕ್‌ಬುಕ್ಕಿನಲ್ಲಿ ಆರು ಮುಳ್ಳು ಮೊದಲೇ ಅಚ್ಚಾಗಿತ್ತು: ಜನ, ಯಂತ್ರ, ವಿಧಾನ, ಸಾಮಗ್ರಿ, ಅಳತೆ, ಪರಿಸರ. ಇದು ಕಾರ್ಖಾನೆಯ ಲೆಕ್ಕ. ಕ್ಲಾಸಿನಲ್ಲಿ ಮುಕ್ಕಾಲು ಜನ ಸಾಫ್ಟ್‌ವೇರ್‌ನವರು. ನಮ್ಮ ಟೇಬಲ್ಲಿನಲ್ಲಿ 'ಸಾಮಗ್ರಿ' ಮುಳ್ಳು ಖಾಲಿ, 'ಯಂತ್ರ'ದಲ್ಲಿ ಒಂದೇ ಒಂದು ಚೀಟಿ, 'ಜನ' ಅನ್ನೋ ಮುಳ್ಳಿಗೆ ಮಾತ್ರ ಹನ್ನೆರಡು ಚೀಟಿ. ರಿಲೀಸ್ ತಡ ಆಗಿದ್ದಕ್ಕೆ ಕಾರಣ ಹುಡುಕಿ ಅಂದರೆ ಯಾರ ತಪ್ಪು ಅಂತ ಪಟ್ಟಿ ಮಾಡಿದ ಹಾಗಾಯಿತು. ಮುಳ್ಳುಗಳ ಹೆಸರನ್ನು ನಮ್ಮ ಕೆಲಸಕ್ಕೆ ತಕ್ಕ ಹಾಗೆ ನಾವೇ ಇಟ್ಟುಕೊಳ್ಳಬಹುದು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಐದು 'ಯಾಕೆ' ಟೊಯೋಟಾದಿಂದ ಬಂದದ್ದು. ಅಲ್ಲಿನ ತೈಚಿ ಓನೊ ಕೊಡುತ್ತಿದ್ದ ಉದಾಹರಣೆಯನ್ನೇ ಇಲ್ಲೂ ಕೊಟ್ಟರು: ಯಂತ್ರ ನಿಂತಿತು, ಯಾಕೆ? ಫ್ಯೂಸ್ ಹೋಯಿತು. ಅದು ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಹೀಗೇ ಇಳಿಯುತ್ತಾ ಹೋದರೆ ಕೊನೆಗೆ ಪಂಪಿಗೆ ಜಾಲರಿ ಇರಲಿಲ್ಲ, ಲೋಹದ ಚೂರು ಒಳಗೆ ಹೋಗುತ್ತಿತ್ತು ಅಂತ ಸಿಗುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಅಭ್ಯಾಸದಲ್ಲಿ ಒಂದೇ ಸಮಸ್ಯೆಯಿಂದ ಶುರು ಮಾಡಿದ ಎರಡು ಟೇಬಲ್ಲುಗಳು ಎರಡು ಊರು ಸೇರಿದವು. ಒಂದು ಕಡೆ "ಟೆಸ್ಟಿಂಗ್‌ಗೆ ಸಮಯವೇ ಕೊಟ್ಟಿರಲಿಲ್ಲ", ಇನ್ನೊಂದು ಕಡೆ "ಕ್ಲೈಂಟ್ ಕೊನೇ ಗಳಿಗೆಯಲ್ಲಿ ಬದಲಾಯಿಸಿದರು". ಯಂತ್ರಕ್ಕೆ ಜಾಲರಿ ಇದೆಯೋ ಇಲ್ಲವೋ ಅಂತ ಹೋಗಿ ನೋಡಬಹುದು. ಮೀಟಿಂಗ್ ರೂಮಿನಲ್ಲಿ ಕೂತು 'ಯಾಕೆ' ಕೇಳಿದರೆ ಜೋರಾಗಿ ಮಾತಾಡುವವನ ಊಹೆಯೇ ಮೂಲ ಕಾರಣ ಆಗಿಬಿಡುತ್ತೆ. ಪ್ರತಿ 'ಯಾಕೆ'ಗೂ ಸಾಕ್ಷಿ ಏನಿದೆ ಅಂತ ಯಾರೂ ಕೇಳಲಿಲ್ಲ. ಎರಡೂ ಟೇಬಲ್ಲಿಗೆ ಚಪ್ಪಾಳೆ, ಮುಂದಿನ ಸ್ಲೈಡ್. ಮೊದಲ ದಿನದ ಸಂಜೆ ವಾಪಸ್ ಬರುವಾಗ, ಇನ್ನೂ ಎರಡು ದಿನ ತೌಡು ಕುಟ್ಟಬೇಕಲ್ಲಪ್ಪಾ ಅಂದುಕೊಂಡಿದ್ದೆ.

ಎರಡನೇ ದಿನ ಬೇರೆ ತರಬೇತುದಾರರು ಬಂದರು, ಒಬ್ಬರು ಮೇಡಂ. ಮಾತು ಕಡಿಮೆ. ಸ್ಲೈಡ್ ಇಲ್ಲ. ಬಂದವರೇ ನಮ್ಮನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಉಳಿದ ಮೂವರನ್ನು ಪಕ್ಕದಲ್ಲಿ ನಿಂತು ನೋಡಲು ಹೇಳಿ, ಕೂತವರ ಕೈಗೆ ಒಂದೊಂದು ಹಾಳೆ ಕೊಟ್ಟರು. ಎರಡು ಸಪ್ಲೈಯರ್ ಕಂಪನಿಗಳಿವೆ, ಒಂದನ್ನು ಆರಿಸಿ, 20 ನಿಮಿಷ ಸಮಯ. ನಮ್ಮ ಗುಂಪು ಏಳೇ ನಿಮಿಷದಲ್ಲಿ ಮೊದಲನೇ ಕಂಪನಿ ಅಂತ ಒಮ್ಮತಕ್ಕೆ ಬಂತು. ಏನು ಹೊಂದಾಣಿಕೆ, ಏನು ವೇಗ! ಉಳಿದ ಎರಡು ಗುಂಪೂ ಅದನ್ನೇ ಆರಿಸಿದ್ದವು.

ಆಮೇಲೆ ಅವರು ಹೇಳಿದರು, "ಈಗ ನಾಲ್ಕು ಹಾಳೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿ."

ಇಟ್ಟು ನೋಡಿದರೆ ಹಾಳೆಗಳು ಒಂದೇ ಥರ ಇರಲಿಲ್ಲ. ಮೊದಲನೇ ಕಂಪನಿಯ ಮೂರು ಒಳ್ಳೇ ಗುಣ ಎಲ್ಲರ ಹಾಳೆಯಲ್ಲೂ ಇತ್ತು. ಎರಡನೇ ಕಂಪನಿಗೆ ಆರು ಒಳ್ಳೇ ಗುಣ ಇತ್ತು, ಆದರೆ ಅವನ್ನು ಚದುರಿಸಿದ್ದರು, ಒಬ್ಬರ ಹಾಳೆಯಲ್ಲಿ ಒಂದು, ಇನ್ನೊಬ್ಬರಲ್ಲಿ ಎರಡು. ಎಲ್ಲಾ ಸೇರಿಸಿದರೆ ಎರಡನೆಯದೇ ಎಷ್ಟೋ ಮೇಲು. ಆದರೆ ನಾವು ಏಳು ನಿಮಿಷವೂ ಮಾತಾಡಿದ್ದು ಎಲ್ಲರಿಗೂ ಗೊತ್ತಿದ್ದದ್ದನ್ನೇ! ನನ್ನ ಹಾಳೆಯಲ್ಲಿ ಮಾತ್ರ ಇದ್ದ ಒಂದು ವಿಷಯವನ್ನು ನಾನೇ ಬಾಯಿಬಿಟ್ಟು ಹೇಳಿರಲಿಲ್ಲ. ಯಾಕೆ ಅಂದರೆ ಬೇರೆ ಯಾರೂ ಅದನ್ನು ಎತ್ತಲಿಲ್ಲ, ಅಷ್ಟೇನೂ ಮುಖ್ಯ ಅಲ್ಲವೇನೋ ಅನ್ನಿಸಿತು. 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗದ ಮಾದರಿ ಇದು. ಗುಂಪು ಸೇರುವುದೇ ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಂದ ತಿಳಿಯಲಿ ಅಂತ, ಸೇರಿದ ಮೇಲೆ ಆಗುವುದು ಅದರ ಉಲ್ಟಾ. ನಮ್ಮ ಡೇಟಾಬೇಸ್ ಮೀಟಿಂಗ್ ಕಣ್ಣ ಮುಂದೆ ಬಂತು. ಮೂರು ಜನ, ಮೂರು ಬೇರೆ ಬೇರೆ ಕಾರಣ, ಒಂದೊಂದೂ ಒಬ್ಬೊಬ್ಬರ ಹಾಳೆಯಲ್ಲಿ. ನಾನು ಮೊದಲೇ ನನ್ನ ಪ್ಲಾನ್ ಹೇಳಿ, ಅವರ ಹಾಳೆ ಮಡಚಿ ಜೇಬಿಗೆ ಹಾಕಿಕೊಳ್ಳುವ ಹಾಗೆ ಮಾಡಿದ್ದೆ.

ಇದಕ್ಕೆ ಮದ್ದು ಅಂತ ಕಲಿಸಿದ್ದು ನಾಮಿನಲ್ ಗ್ರೂಪ್ ಟೆಕ್ನಿಕ್. ಹೆಸರು ಕೇಳಿ ಹೆದರಬೇಡಿ. ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ ಎಂಬ ಸಂಶೋಧಕರು 1971ರಲ್ಲಿ ಪ್ರಕಟಿಸಿದ ವಿಧಾನ. ಮೊದಲು ಪ್ರಶ್ನೆ ಬೋರ್ಡಿನ ಮೇಲೆ ಬರೆದು, ಎಲ್ಲರೂ ಮಾತಿಲ್ಲದೆ ಹತ್ತು ನಿಮಿಷ ಬರೆಯುತ್ತಾರೆ. ಆಮೇಲೆ ಸರದಿಯಲ್ಲಿ ಒಬ್ಬೊಬ್ಬರು ಒಂದೊಂದೇ ಐಡಿಯಾ ಓದುತ್ತಾರೆ, ಚರ್ಚೆ ಇಲ್ಲ, ಬೋರ್ಡಿಗೆ ಏರಿಸುವುದಷ್ಟೇ, ಎಲ್ಲರ ಪಟ್ಟಿ ಖಾಲಿ ಆಗುವ ತನಕ ಸುತ್ತು ಹೊಡೆಯುತ್ತೆ. ಆಮೇಲೆ ಅರ್ಥ ಆಗದ್ದನ್ನು ಬಿಡಿಸಿ ಕೇಳುವುದು. ಕೊನೆಗೆ ಗುಟ್ಟಾಗಿ ಕ್ರಮಾಂಕ ಕೊಡುವುದು. ಹತ್ತು ನಿಮಿಷ 15 ಜನ ಮಾತಿಲ್ಲದೆ ಕೂರುವುದು ಎಷ್ಟು ಕಷ್ಟ ಅಂದರೆ, ಮೂರನೇ ನಿಮಿಷಕ್ಕೆ ಒಬ್ಬರು ಕೆಮ್ಮಿದರು, ನಾಲ್ಕನೇ ನಿಮಿಷಕ್ಕೆ ಇನ್ನೊಬ್ಬರು ಪೆನ್ನು ಕೆಳಗಿಟ್ಟು ಮೊಬೈಲ್ ತೆಗೆದರು. ಅವರನ್ನು ಮೇಡಂ ಸುಮ್ನೆ ನೋಡಿದರು, ಪೆನ್ನು ಮತ್ತೆ ಕೈಗೆ ಬಂತು. ನನಗೆ ಒಳ್ಳೇ ಐಡಿಯಾ ಹೊಳೆದದ್ದು ಏಳನೇ ನಿಮಿಷಕ್ಕೆ. ಮೊದಲು ಬರೆದ ನಾಲ್ಕು ಎಲ್ಲರ ಪಟ್ಟಿಯಲ್ಲೂ ಇದ್ದಂಥವೇ.

ಪ್ಲಾನಿಂಗ್ ಪೋಕರ್, ಅಂದರೆ ಒಂದು ಕೆಲಸಕ್ಕೆ ಎಷ್ಟು ಶ್ರಮ ಬೇಕು ಅಂತ ಎಲ್ಲರೂ ಅಂಕಿ ಇರುವ ಕಾರ್ಡ್ ತೋರಿಸಿ ಅಂದಾಜು ಹೇಳುವುದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಸಾಫ್ಟ್‌ವೇರ್‌ನವರಿಗೆ ಅದು ದಿನನಿತ್ಯದ್ದು. ಎಲ್ಲರೂ ಒಂದೇ ಸಲ ಕಾರ್ಡ್ ತಿರುಗಿಸುವುದು ಯಾಕೆ ಅಂತ ಮಾತ್ರ ಇಲ್ಲಿ ತಲೆಗೆ ಹೋಯಿತು. ಸೀನಿಯರ್ '3' ಅಂದ ಮೇಲೆ ಹೊಸಬ '13' ಅನ್ನೋದಿಲ್ಲ, ಅದಕ್ಕೇ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆಷ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರಲ್ಲ, ಉಳಿದವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ ಸುಮಾರು ಮೂರನೇ ಒಂದು ಪಾಲು ಉತ್ತರಗಳು ಆ ತಪ್ಪಿನ ಜೊತೆಗೇ ಹೋದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಸ್ಥಿತಿ. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಹಾಗೆ ಜಾರುವುದು ತುಂಬಾ ಇಳಿಯುತ್ತಿತ್ತು. ಎಸ್ಟಿಮೇಟ್‌ಗೆ ನಾವು ಕಾರ್ಡ್ ಬಳಸುತ್ತೇವೆ, ದೊಡ್ಡ ತೀರ್ಮಾನಕ್ಕೆ ಮಾತ್ರ ಬಾಸ್ ಮೊದಲು ಬಾಯಿ ತೆರೆಯುತ್ತಾರೆ. ವಿಚಿತ್ರ ಅಲ್ವಾ?

ಮಧ್ಯಾಹ್ನದ ವೋಟಿಂಗ್ ಅಭ್ಯಾಸವನ್ನು ಮಾತ್ರ ಪೂರ್ತಿ ಹೇಳಲೇಬೇಕು. ನಾನು ನನ್ನ ಡೇಟಾಬೇಸ್ ಕತೆಯನ್ನೇ ಕೊಟ್ಟೆ. ಮೂರು ದಾರಿ: ಒಂದೇ ರಾತ್ರಿ ಎಲ್ಲಾ ಬದಲಾಯಿಸುವುದು, ಹಂತಹಂತವಾಗಿ ಸಾಗಿಸುವುದು, ಮೂರು ತಿಂಗಳು ಮುಂದೂಡುವುದು. ಕೈ ಎತ್ತಿ ಅಂದರು. ಒಂದೇ ರಾತ್ರಿಗೆ 6, ಮುಂದೂಡುವುದಕ್ಕೆ 5, ಹಂತಹಂತಕ್ಕೆ 4. ಯಾವ ಮೀಟಿಂಗ್‌ನಲ್ಲೇ ಆದರೂ ಇಲ್ಲಿಗೆ ಮುಗಿಯಿತು, "ಒಂದೇ ರಾತ್ರಿ" ಗೆದ್ದಿತು. ಆದರೆ ಮೇಡಂ ಎಲ್ಲರಿಗೂ ಮೂರನ್ನೂ ಕ್ರಮವಾಗಿ ಬರೆಯಲು ಹೇಳಿದರು. ಒಂದೇ ರಾತ್ರಿ ಅಂದ 6 ಜನಕ್ಕೆ ಎರಡನೇ ಆಯ್ಕೆ ಹಂತಹಂತ. ಮುಂದೂಡಿ ಅಂದ 5 ಜನಕ್ಕೂ ಎರಡನೇ ಆಯ್ಕೆ ಹಂತಹಂತವೇ. ಹಂತಹಂತ ಅಂದ 4 ಜನಕ್ಕೆ ಎರಡನೆಯದು ಮುಂದೂಡುವುದು. ಅಂದರೆ 15ರಲ್ಲಿ 9 ಜನಕ್ಕೆ "ಒಂದೇ ರಾತ್ರಿ" ಕೊನೇ ಆಯ್ಕೆ, ಅದೇ ಗೆದ್ದು ಕೂತಿದೆ! ಎರಡೆರಡನ್ನೇ ಎದುರುಬದುರು ನಿಲ್ಲಿಸಿದರೆ ಹಂತಹಂತ ಒಂದೇ ರಾತ್ರಿಯನ್ನು 9-6ರಲ್ಲಿ ಸೋಲಿಸುತ್ತೆ, ಮುಂದೂಡುವುದನ್ನು 10-5ರಲ್ಲಿ. ಮೊದಲನೇ ಆಯ್ಕೆಗೆ ಎರಡು, ಎರಡನೆಯದಕ್ಕೆ ಒಂದು ಅಂತ ಪಾಯಿಂಟ್ ಕೊಟ್ಟರೆ ಹಂತಹಂತಕ್ಕೆ 19, ಮುಂದೂಡುವುದಕ್ಕೆ 14, ಒಂದೇ ರಾತ್ರಿಗೆ 12. ಕೈ ಎತ್ತಿದಾಗ ಮೊದಲು ಬಂದದ್ದು ಇಲ್ಲಿ ಕೊನೆ. ಮತದ ಲೆಕ್ಕದಲ್ಲಿ ಇಂಥ ತೊಡಕು ಇದೆ ಅಂತ ಫ್ರಾನ್ಸಿನ ಗಣಿತಜ್ಞರಾದ ಬೋರ್ಡಾ, ಕಾಂಡೋರ್ಸೆ 18ನೇ ಶತಮಾನದಲ್ಲೇ ತೋರಿಸಿದ್ದರಂತೆ. ನಾವು ಇನ್ನೂ ಕೈ ಎತ್ತಿಸುತ್ತಿದ್ದೇವೆ.

ಸಂಜೆ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕೇಸ್. 1986ರ ಜನವರಿ 28ರಂದು ಉಡಾವಣೆ ಆಗಿ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತರು. ಹಿಂದಿನ ರಾತ್ರಿ ಫೋನ್ ಕಾನ್ಫರೆನ್ಸ್‌ನಲ್ಲಿ ನೌಕೆಯನ್ನು ಮೇಲೇರಿಸುವ ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಯೊಕೋಲ್ ಕಂಪನಿಯ ಎಂಜಿನಿಯರ್‌ಗಳು, ಇಷ್ಟು ಚಳಿಯಲ್ಲಿ ಬೂಸ್ಟರ್‌ನ ಸಂದು ಮುಚ್ಚುವ ರಬ್ಬರ್ ರಿಂಗ್ ಸರಿಯಾಗಿ ಕೂರುವುದಿಲ್ಲ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಹಾರಿಸಬೇಡಿ ಅಂತ ಹೇಳಿದ್ದರು. ನಾಸಾ ಕಡೆಯವರು ಒಪ್ಪಲಿಲ್ಲ. ಕಂಪನಿಯವರು ಐದು ನಿಮಿಷ ಕೊಡಿ ಅಂತ ಲೈನ್ ಬಿಟ್ಟು, ಸುಮಾರು ಅರ್ಧ ಗಂಟೆ ತಮ್ಮೊಳಗೇ ಮಾತಾಡಿದರು. ಅಲ್ಲಿ ಹಿರಿಯ ಮ್ಯಾನೇಜರ್ ಒಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಅಂದರು. ಕೊನೇ ಅಭಿಪ್ರಾಯ ಕೇಳಿದ್ದು ಮ್ಯಾನೇಜರ್‌ಗಳನ್ನು ಮಾತ್ರ. ಮೊದಲ ದಿನ ಆರು ಬಣ್ಣದ ಟೋಪಿ ಆಟ ಆಡಿದ್ದ ನಾವು ಇದನ್ನು ಕೇಳಿ ಸುಮ್ಮನೆ ಕೂತಿದ್ದೆವು.

ಮೂರನೇ ದಿನ ಮೊದಲ ದಿನದ ತರಬೇತುದಾರರೇ ವಾಪಸ್. ಬೆಳಗ್ಗೆ ಬಂದ ವಿಷಯವೇನೋ ಚಿನ್ನದಂಥದ್ದು: ಯಾವ ತೀರ್ಮಾನವನ್ನು ಗುಂಪಿಗೆ ಬಿಡಬೇಕು, ಯಾವುದನ್ನು ಮ್ಯಾನೇಜರ್ ಒಬ್ಬರೇ ಮಾಡಬೇಕು ಅನ್ನೋದು. ವ್ರೂಮ್ ಮತ್ತು ಯೆಟ್ಟನ್ ಎಂಬ ಸಂಶೋಧಕರು 1973ರಲ್ಲಿ ಐದು ಮೆಟ್ಟಿಲು ಕೊಟ್ಟಿದ್ದಾರೆ: ನಾನೇ ತೀರ್ಮಾನಿಸುತ್ತೇನೆ ಅನ್ನೋದರಿಂದ ಹಿಡಿದು, ನಿಮ್ಮ ಮಾತು ಕೇಳಿ ನಾನು ತೀರ್ಮಾನಿಸುತ್ತೇನೆ, ಕೊನೆಗೆ, ನೀವೆಲ್ಲ ಸೇರಿ ಹೇಳಿದ್ದೇ ತೀರ್ಮಾನ ಅನ್ನೋ ತನಕ. ನಮ್ಮ ಮೀಟಿಂಗ್‌ಗಳಲ್ಲಿ ಅರ್ಧ ಜಗಳ ಆಗೋದೇ ಇಲ್ಲಿ. ಮ್ಯಾನೇಜರ್ "ಸಲಹೆ ಕೊಡಿ" ಅಂದುಕೊಂಡಿರುತ್ತಾರೆ, ಟೀಮ್ "ನಾವೇ ತೀರ್ಮಾನ ಮಾಡ್ತೀವಿ" ಅಂದುಕೊಂಡಿರುತ್ತೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ, ಆಮೇಲೆ ಬಾಸ್ ತನಗೆ ಬೇಕಾದ್ದನ್ನೇ ಮಾಡಿದಾಗ, "ಮತ್ತೆ ನಮ್ಮನ್ನ ಯಾಕೆ ಕರೆದ್ರಿ?" ಅನ್ನೋ ಪ್ರಶ್ನೆ. ಇಷ್ಟು ಮುಖ್ಯವಾದ್ದಕ್ಕೆ 40 ನಿಮಿಷ. ಉಳಿದ ಹೊತ್ತು ಪರೀಕ್ಷೆಗೆ ತಯಾರಿ, ಯುನಾನಿಮಿಟಿ (ಎಲ್ಲರೂ ಒಪ್ಪುವುದು) ಅಂದರೇನು, ಮೆಜಾರಿಟಿ (ಅರ್ಧಕ್ಕಿಂತ ಹೆಚ್ಚು ಮತ) ಅಂದರೇನು, ಪ್ಲೂರಾಲಿಟಿ (ಅರ್ಧ ದಾಟದಿದ್ದರೂ ಉಳಿದವಕ್ಕಿಂತ ಹೆಚ್ಚು ಮತ) ಅಂದರೇನು ಅಂತ ಬಾಯಿಪಾಠ. ಹಿಂದಿನ ದಿನ ಅದೇ ಪ್ಲೂರಾಲಿಟಿ ಹೇಗೆ ಕೈಕೊಡುತ್ತೆ ಅಂತ ಲೆಕ್ಕ ಹಾಕಿ ನೋಡಿದವರಿಗೆ "ಕೆಳಗಿನವುಗಳಲ್ಲಿ ಯಾವುದು ಸರಿ" ಅಂತ ಕ್ವಿಜ್. ಬಟನ್ ಒತ್ತಿದೆ, ಸರ್ಟಿಫಿಕೇಟ್ ಬಂತು.

ವರ್ಕ್‌ಬುಕ್ ಬಗ್ಗೆ ಎರಡೇ ಮಾತು. ತಜ್ಞರ ಅಭಿಪ್ರಾಯವನ್ನು ಬರಹದಲ್ಲೇ ಸುತ್ತು ಸುತ್ತಾಗಿ ಕೇಳುವ ಡೆಲ್ಫಿ ವಿಧಾನದ ಪುಟದಲ್ಲಿ ನಾಮಿನಲ್ ಗ್ರೂಪ್‌ನ ಹೆಜ್ಜೆಗಳನ್ನು ಅಚ್ಚು ಹಾಕಿದ್ದಾರೆ. ರ‍್ಯಾಂಡ್ ಎನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿ ಡೆಲ್ಫಿ ಮಾಡಿದ್ದೇ ತಜ್ಞರು ಮುಖಾಮುಖಿ ಆಗಬಾರದು, ಯಾರು ಏನಂದರು ಅಂತ ಒಬ್ಬರಿಗೊಬ್ಬರಿಗೆ ಗೊತ್ತಾಗಬಾರದು ಅಂತ. ಅದನ್ನು "ಎಲ್ಲರೂ ಸುತ್ತ ಕೂತು" ಅಂತ ಶುರು ಮಾಡಿದರೆ ಹೇಗೆ? ರೆಕಾರ್ಡ್ ಮಾಡಿದ ಪಾಠಗಳು ಮೊದಲ ದಿನದ ಸ್ಲೈಡ್‌ಗಳೇ, ಹಿನ್ನೆಲೆ ಸಂಗೀತ ಹೆಚ್ಚುವರಿ.

ವಾಪಸ್ ಬಂದ ಮೇಲೆ ಏನು ಉಪಯೋಗಕ್ಕೆ ಬಂತು ಅನ್ನೋದೇ ತಾನೇ ನಿಮಗೆ ಬೇಕಾದ್ದು? ಡಾಟ್ ವೋಟಿಂಗ್, ಅಂದರೆ ಇಷ್ಟವಾದ ಐಡಿಯಾದ ಪಕ್ಕ ಚುಕ್ಕೆ ಅಂಟಿಸಿ ಮತ ಹಾಕುವುದು, ಮಾಡಿಸಿದೆ, ಕೆಟ್ಟಿತು. ನಮ್ಮ ಡೈರೆಕ್ಟರ್ ಮೊದಲು ಎದ್ದು ಹೋಗಿ ತಮ್ಮ ಮೂರು ಚುಕ್ಕೆಯನ್ನೂ ಒಂದೇ ಕಡೆ ಅಂಟಿಸಿದರು, ಹಿಂದೆಯೇ ಉಳಿದ ಚುಕ್ಕೆಗಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಈಗ ಚೀಟಿಯಲ್ಲಿ ಬರೆಸಿ ನಾನೇ ಚುಕ್ಕೆ ಇಡುತ್ತೇನೆ. ಒಬ್ಬರನ್ನು 'ವಿರೋಧ ಮಾತಾಡುವವರು' ಅಂತ ನೇಮಿಸಿ ನೋಡಿದೆ. ಕ್ಯಾಥೊಲಿಕ್ ಚರ್ಚ್ 1587ರಲ್ಲಿ ಇಂಥದ್ದೊಂದು ಹುದ್ದೆಯನ್ನೇ ಇಟ್ಟಿತ್ತು ಅಂತ ಕೋರ್ಸಿನಲ್ಲಿ ಕೇಳಿ ಹುರುಪು ಬಂದಿತ್ತು. ಆದರೆ ಅವರು ನಾಟಕ ಮಾಡುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತು, ಅವರಿಗೂ ಗೊತ್ತು, ನಗುನಗುತ್ತಾ ಮುಗಿಯಿತು.

ಗೆದ್ದಿದ್ದು ಪ್ರೀಮಾರ್ಟಮ್, ಅಂದರೆ ಕೆಲಸ ಕೆಟ್ಟೇಹೋಗಿದೆ ಅಂತ ಮೊದಲೇ ಅಂದುಕೊಂಡು ಕಾರಣ ಹುಡುಕುವುದು. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದು ಹೆಸರಾದ ವಿಧಾನ. ಎರಡನೇ ದಿನದ ಮೇಡಂ ಅದನ್ನು ಕೊನೇ ಹತ್ತು ನಿಮಿಷದಲ್ಲಿ ಹೇಳಿಕೊಟ್ಟಿದ್ದರು. ಮೊನ್ನೆ ಒಂದು ದೊಡ್ಡ ರಿಲೀಸ್‌ಗೆ ಮುಂಚೆ ಟೀಮನ್ನು ಕೂರಿಸಿ ಮೂರು ಮಾತು ಹೇಳಿದೆ. ಒಂದು, ರಿಲೀಸ್ ಮಾಡುವುದೋ ಬಿಡುವುದೋ ಅನ್ನೋ ತೀರ್ಮಾನ ನನ್ನದು, ನಿಮ್ಮಿಂದ ಬೇಕಾದ್ದು ನನಗೆ ಗೊತ್ತಿಲ್ಲದ ವಿಷಯ. ಎರಡು, ಇವತ್ತಿಗೆ ಆರು ತಿಂಗಳು ಕಳೆದಿದೆ, ಈ ರಿಲೀಸ್ ನೆಲಕಚ್ಚಿದೆ ಅಂದುಕೊಳ್ಳಿ, ಯಾಕೆ ಕೆಟ್ಟಿತು ಅಂತ ಬರೆಯಿರಿ. ಮೂರು, ಹತ್ತು ನಿಮಿಷ ಯಾರೂ ಮಾತಾಡಬಾರದು, ನಾನೂ. ಆಮೇಲೆ ಸರದಿಯಲ್ಲಿ ಓದಿಸಿದೆ, ಹೊಸಬರಿಂದ ಶುರು. ಸೇರಿ ಎರಡು ತಿಂಗಳೂ ಆಗಿರದ ಟೆಸ್ಟರ್ ಹುಡುಗಿ ಎರಡನೆಯವಳು. ತನ್ನ ಚೀಟಿ ನೋಡಿಕೊಂಡು, "ಬ್ಯಾಕಪ್‌ನಿಂದ ವಾಪಸ್ ತರೋದನ್ನ ಯಾರೂ ಒಂದು ಸಲವೂ ಮಾಡಿ ನೋಡಿರಲಿಲ್ಲ" ಅಂತ ಓದಿದಳು. ರೂಮಿನಲ್ಲಿ ಮೂರು ಜನ ಸೀನಿಯರ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದು, ನೋಡಿರಲಿಲ್ಲ. ಅವತ್ತೇ ಮಧ್ಯಾಹ್ನ ಮಾಡಿ ನೋಡಿದೆವು, ಅರ್ಧಕ್ಕೆ ನಿಂತಿತು. ರಿಲೀಸ್ ಒಂದು ವಾರ ಮುಂದೆ ಹಾಕಿದೆ.

ಯಾರು ಸೇರಬಹುದು ಅಂತ ಕೇಳಿದರೆ: ಹೊಸದಾಗಿ ಟೀಮ್ ನಡೆಸುತ್ತಿರುವವರಿಗೆ, ಪ್ರಾಜೆಕ್ಟ್ ಮ್ಯಾನೇಜರ್ ಪರೀಕ್ಷೆಗೆ ಕೂರಲು ಇಷ್ಟು ಗಂಟೆ ತರಬೇತಿ ಆಗಿದೆ ಅಂತ ತೋರಿಸಬೇಕಾದವರಿಗೆ ಮೂರು ದಿನವೂ ಓಕೆ. ಹತ್ತು ವರ್ಷ ಮೀಟಿಂಗ್‌ನಲ್ಲೇ ತಲೆ ನರೆಸಿಕೊಂಡವರಿಗೆ ಮೊದಲ ದಿನ ಹಿಂಸೆ. ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ: ಎರಡನೇ ದಿನ ಯಾರು ಕಲಿಸುತ್ತಾರೆ, ಅಭ್ಯಾಸಕ್ಕೆ ನಮ್ಮದೇ ಪ್ರಾಜೆಕ್ಟಿನ ಸಮಸ್ಯೆ ತರಬಹುದಾ? ಎರಡಕ್ಕೂ ನೇರ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಎರಡನೇ ದಿನವನ್ನೇ ಬೇರೆ ಕೋರ್ಸ್ ಮಾಡಿ ಕೊಡಿ ಅಂತ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಬರೆದಿದ್ದೆ. "ನಿಮ್ಮ ಸಲಹೆಯನ್ನು ನಮ್ಮ ಸಮಿತಿಯ ಮುಂದೆ ಇಡುತ್ತೇವೆ" ಅಂತ ಉತ್ತರ ಬಂದಿದೆ.